ಅಂಗಾಲಿಗೆ ಕೇಳಿದ ಟ್ರ್ಯಾಕ್ಟರು

ನನ್ನ ಮೊಮ್ಮಗಳು ತಿರುಗಿ ನೋಡಿದಳು! ಇದನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಹಳೇ ಸೀರೆಯ ಜೋಲಿಯಲ್ಲಿ ಕೂತಿದ್ದಳು, ಬೆನ್ನು ನನ್ನ ಕಡೆಗಿತ್ತು. ನಾನು ಹಿಂದೆ ನಿಂತು ಮಂಕರಿಯಲ್ಲಿದ್ದ ಮರದ ಚೂರನ್ನು ಗೋಣಿಚೀಲಕ್ಕೆ ಸುರಿದೆ. ಸರ್ ಅಂತ ಒಂದು ಸಣ್ಣ ಸದ್ದು. ಅಷ್ಟಕ್ಕೇ ಕತ್ತು ಹೊರಳಿಸಿ, ಯಾರದು ಅನ್ನುವ ಹಾಗೆ ನನ್ನನ್ನೇ ನೋಡಿದಳು.

ಒಂದೂವರೆ ವರ್ಷದ ಮಗು ಸದ್ದಿಗೆ ತಿರುಗುವುದೂ ಒಂದು ಸುದ್ದಿಯೇ ಅಂತ ನೀವು ಕೇಳಬಹುದು. ನಮ್ಮ ಮನೆಗೆ ಅದಕ್ಕಿಂತ ದೊಡ್ಡ ಸುದ್ದಿ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಆವತ್ತು ನಾನು ಕೆಲಸದ ಚಡ್ಡಿಯಲ್ಲೇ, ಮೈಯೆಲ್ಲ ಮರದ ಪುಡಿ ಮೆತ್ತಿಕೊಂಡು ಬೀದಿಗೆ ಓಡಿದೆ. ತರಕಾರಿ ಗಾಡಿಯವನಿಗೆ ಹೇಳಿದೆ, ಇಸ್ತ್ರಿ ಅಂಗಡಿಯವನಿಗೆ ಹೇಳಿದೆ. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ನನ್ನ ಮಾತು ಪೂರ್ತಿ ಕೇಳದೆ, ಮನೆಯಲ್ಲಿ ಯಾರೋ ಪರೀಕ್ಷೆ ಪಾಸಾದರು ಅಂದುಕೊಂಡು ಕೈ ಕುಲುಕಿ, "ಫಸ್ಟ್ ಕ್ಲಾಸಾ?" ಅಂದರು. "ಫಸ್ಟ್ ಕ್ಲಾಸೇ ಸಾರ್" ಅಂದೆ.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷ ಆಗಿತ್ತು ಆಗ. ನಮ್ಮ ಮನೆ ಜೆ.ಪಿ. ನಗರದ ಕೊನೆಯ ಫೇಸ್‌ಗಳ ಕಡೆ. ಮುಂಚೆ ಅದೆಲ್ಲ ಹೊಲ, ಅದರಲ್ಲಿ ನಮ್ಮದೂ ಒಂದಿಷ್ಟು. ಲೇಔಟ್ ಆದಾಗ ನಮಗೆ ಉಳಿದದ್ದು ಒಂದು ಮನೆ, ಪಕ್ಕದಲ್ಲೊಂದು ಸೈಟು, ಸೈಟಿನಲ್ಲೊಂದು ಹೊಂಗೆ ಮರ, ಮರದ ಕೆಳಗೆ ನಮ್ಮಪ್ಪನ ಕಾಲದ ಟ್ರ್ಯಾಕ್ಟರು. ಹಡಗಿನಲ್ಲಿ ಬಂದ ಗಾಡಿ ಅದು ಅಂತ ನಮ್ಮಪ್ಪ ಹೇಳುತ್ತಿದ್ದರು. ಮುಂದೆ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಿದರೆ ಮಾತ್ರ ಸ್ಟಾರ್ಟ್ ಆಗುವುದು. ಮಗ್ಗುಲಲ್ಲಿ ಅಗಲವಾದ ಒಂದು ಕಬ್ಬಿಣದ ಗಾಲಿ. ಅದಕ್ಕೆ ಬೆಲ್ಟ್ ಹಾಕಿ ನಮ್ಮಪ್ಪ ಕಬ್ಬಿನ ಗಾಣ ಓಡಿಸುತ್ತಿದ್ದರು. ಗಾಣ ಹೋದ ಮೇಲೆ ಅದೇ ಬೆಲ್ಟಿಗೆ ನಾನು ಪುಡಿ ಮಿಷನ್ ಕಟ್ಟಿದೆ.

ಪುಡಿ ಮಿಷನ್ ಅಂತ ಹೆಸರಿಟ್ಟವರು ನಾವೇ. ಒಬ್ಬ ವೆಲ್ಡಿಂಗ್ ಮೇಸ್ತ್ರಿಯ ಜೊತೆ ಕೂತು ಮಾಡಿಸಿದ್ದು. ಒಂದು ದಪ್ಪ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ನಾಲ್ಕು ಕತ್ತಿ ಬಿಗಿದ ಭಾರಿ ಚಕ್ರ. ಟ್ರ್ಯಾಕ್ಟರ್ ಓಡಿದರೆ ಬೆಲ್ಟ್ ಓಡಿ, ಚಕ್ರ ತಿರುಗುತ್ತದೆ. ಈ ಕಡೆಯ ಬಾಯಿಗೆ ಕೊಂಬೆ ಕೊಟ್ಟರೆ ಅಗಿದು, ಆ ಕಡೆಯ ಕೊಳವೆಯಿಂದ ಚೂರು ಚೂರಾಗಿ ಉಗಿಯುತ್ತದೆ. ಹುಡುಗಾಟದ ಯಂತ್ರ ಅಲ್ಲ. ಲುಂಗಿ ಉಟ್ಟವರನ್ನು, ಸೆರಗು ಇಳಿಬಿಟ್ಟವರನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಕೆಲಸಕ್ಕೆ ಏನೂ ಬರವಿರಲಿಲ್ಲ. ಜಯನಗರ, ಬನಶಂಕರಿ, ಪದ್ಮನಾಭನಗರ, ಎಲ್ಲ ಕಡೆ ಕರೆಂಟಿನ ತಂತಿಗೆ ತಾಗುತ್ತದೆ ಅಂತ ಮರದ ಕೊಂಬೆ ಕಡಿದು ಫುಟ್‌ಪಾತಿನ ಮೇಲೆ ಬಿಟ್ಟು ಹೋಗಿರುತ್ತಿದ್ದರು. ಮಳೆಗಾಲಕ್ಕೆ ಮುಂಚಿನ ಗಾಳಿಗೆ ಗುಲ್‌ಮೊಹರ್ ಮುರಿದು ಕಾಂಪೌಂಡಿನ ಮೇಲೆ ಬೀಳುತ್ತಿತ್ತು. ಅದನ್ನೆಲ್ಲ ಟ್ರೇಲರಿನಲ್ಲಿ ತುಂಬಿಕೊಂಡು ಬಂದು ಚೂರು ಮಾಡಿ, ಗುಲಾಬಿ ಗಿಡದ ಬುಡಕ್ಕೆ ಹಾಕುವವರಿಗೆ, ನರ್ಸರಿಯವರಿಗೆ ಕೊಡುತ್ತಿದ್ದೆ. ದಪ್ಪ ಕೊಂಬೆಯನ್ನು ಮಿಷನ್ನಿಗೆ ಕೊಡುವ ಮುಂಚೆ ಅಂಗೈಯಲ್ಲಿ ಪೂರ್ತಿ ಸವರಿ ನೋಡಬೇಕು. ಟ್ಯೂಷನ್ ಬೋರ್ಡು, ಮನೆ ಬಾಡಿಗೆಗಿದೆ ಬೋರ್ಡು ಹೊಡೆದ ಮೊಳೆಗಳು ಮರದೊಳಗೆ ಹುದುಗಿರುತ್ತವೆ. ಒಂದು ಮೊಳೆ ಸಾಕು, ಕತ್ತಿ ಹಲ್ಲು ಕಿತ್ತುಕೊಳ್ಳುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ವರ್ಷಗಟ್ಟಲೆ ಆ ಟ್ರ್ಯಾಕ್ಟರಿನ ಪಕ್ಕ ನಿಂತು ನನ್ನ ಎಡಗಿವಿ ಅರ್ಧ ಹೋಗಿದೆ. ಮಿಷನ್ ಓಡುವಾಗ ಬಲಗಿವಿಗೂ ಬರೀ ಗದ್ದಲ. ಹಾಗಾಗಿ ನಾನು ಮಿಷನ್ನನ್ನು ಕೇಳುತ್ತಿದ್ದದ್ದು ಕಾಲಿನಿಂದ. ಮಿಷನ್ ಕೂರಿಸಿದ್ದ ಚಪ್ಪಡಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುತ್ತಿದ್ದೆ. ಕತ್ತಿ ಮೊಂಡಾದರೆ ಒಂದು ಥರ ಅದುರು, ಬೆಲ್ಟ್ ಜಾರಿದರೆ ಇನ್ನೊಂದು ಥರ, ಗಂಟು ಸಿಕ್ಕಿದರೆ ಹಿಮ್ಮಡಿಗೆ ಗುದ್ದಿದ ಹಾಗೆ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ನನ್ನ ಮಗ, "ಅಪ್ಪ, ಚಪ್ಪಲಿನಾದ್ರೂ ಹಾಕ್ಕೊಳ್ಳಪ್ಪ" ಅಂತ ಬೈಯುತ್ತಿದ್ದ. "ಚಪ್ಪಲಿ ಹಾಕ್ಕೊಂಡ್ರೆ ಕಿವಿ ಮುಚ್ಕೊಂಡಂಗಾಗುತ್ತೆ ಕಣೋ" ಅನ್ನುತ್ತಿದ್ದೆ. ಆ ಮಾತನ್ನು ನಾನು ನೂರು ಸಲ ಆಡಿದ್ದೇನೆ. ಆಡಿದವನಿಗೇ ಅದರ ಅರ್ಥ ಸಮಯಕ್ಕೆ ಹೊಳೆಯಲಿಲ್ಲ.

ಸೊಸೆ ಗದಗದ ಕಡೆಯವಳು. ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡು ಆಫೀಸಿನ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಗಾಡಿ ಮಗನ ಗ್ಯಾರೇಜಿಗೆ ರಿಪೇರಿಗೆ ಬಂದು ಬಂದು ಕೊನೆಗೆ ಅವಳೇ ನಮ್ಮ ಮನೆಗೆ ಬಂದಳು. ಅವಳ ಮಾತಿಗೆ ಮೊದಮೊದಲು ನಾವು ನಗುತ್ತಿದ್ದೆವು, ನಮ್ಮ ಮಾತಿಗೆ ಅವಳೂ ನಗುತ್ತಿದ್ದಳು. ಮಾತು ಕಡಿಮೆ, ನೋಡುವುದು ಜಾಸ್ತಿ. ಮದುವೆಯಾಗಿ ನಾಲ್ಕು ವರ್ಷಕ್ಕೆ ಹೆಣ್ಣು ಮಗು ಹುಟ್ಟಿತು.

ಮಗುವಿಗೆ ಏಳು ತಿಂಗಳಾದಾಗ ಒಂದು ದಿನ ಸೊಸೆ ಅದನ್ನು ಚಪ್ಪಡಿಯ ಮೇಲೆ ಕೂರಿಸಿ ಹಿಡಿದುಕೊಂಡಿದ್ದಳು. ಸ್ವಲ್ಪ ದೂರದಲ್ಲಿ ನಾನು ಹ್ಯಾಂಡಲ್ ತಿರುಗಿಸಿದೆ. ಗಾಡಿ ಡಬ ಡಬ ಅಂದಿದ್ದೇ ತಡ, ಮಗು ಕೇಕೆ ಹಾಕಿ ನಕ್ಕಿತು. ಬೇರೆ ಮಕ್ಕಳು ಆ ಸದ್ದಿಗೆ ಕಿಟಾರನೆ ಕಿರುಚುತ್ತಿದ್ದವು. ಇವಳು ನಗುತ್ತಾಳೆ! ನನಗೆ ಎಷ್ಟು ಜಂಬ ಬಂತು ಅಂತೀರಿ. ಮೂರು ತಲೆಮಾರಿನ ಗಾಡಿ, ನಾಲ್ಕನೆಯದಕ್ಕೂ ಹಿಡಿಸಿತು ಅಂತ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಸೊಸೆಗೆ ಮಾತ್ರ ಸಮಾಧಾನ ಇರಲಿಲ್ಲ. "ಹಿಂದಿಂದ ಕರದ್ರ ಹೊರಳಂಗಿಲ್ರಿ ಕೂಸು" ಅಂತ ಒಂದು ದಿನ ನನ್ನ ಹೆಂಡತಿಯ ಹತ್ತಿರ ಹೇಳಿದಳು. ನನ್ನ ಹೆಂಡತಿಗೆ ತಟ್ಟೆ ಬಡಿದರೆ ಆಗುವುದಿಲ್ಲ. ಖಾಲಿ ತಟ್ಟೆ ಬಡಿಯುವ ಮನೆಯಲ್ಲಿ ಅನ್ನ ನಿಲ್ಲುವುದಿಲ್ಲ ಅಂತ ಮಗ ಚಿಕ್ಕವನಿದ್ದಾಗ ಅದಕ್ಕೇ ಅವನಿಗೆ ಎಷ್ಟೋ ಸಲ ಹೊಡೆದಿದ್ದಾಳೆ. ಅಂಥವಳು ಆ ದಿನ ತಾನೇ ಎರಡು ಸ್ಟೀಲ್ ತಟ್ಟೆ ತೆಗೆದುಕೊಂಡು ಮಗುವಿನ ಹಿಂದೆ ಕೂತು ಫಟ್ ಅಂತ ಬಡಿದಳು. ಮಗು ಒಂದು ಸಲ ತಿರುಗಿತು, ಎರಡು ಸಲ ತಿರುಗಲಿಲ್ಲ. ತಟ್ಟೆಯ ಗಾಳಿ ಕುತ್ತಿಗೆಗೆ ತಾಗಿ ತಿರುಗಿತೋ, ಗೋಡೆಯ ಮೇಲೆ ನೆರಳು ಕಂಡು ತಿರುಗಿತೋ, ನಾವು ಯಾರೂ ಯೋಚಿಸಲಿಲ್ಲ.

"ಟ್ರ್ಯಾಕ್ಟರ್ ಸೌಂಡಿಗೆ ನಗುತ್ತೆ, ಇನ್ನೇನ್ ಬೇಕು ನಿಮಗೆ?" ಅಂದೆ ನಾನು.

"ಆದ್ರೆ ಕರೆದ್ರೆ ತಿರುಗಲ್ವಲ್ಲಪ್ಪ" ಅಂದ ಮಗ.

"ನೀನು ಚಿಕ್ಕೋನಿದ್ದಾಗ ನಾನ್ ಕರೆದ್ರೆ ತಿರುಗ್ತಿದ್ಯಾ? ಈಗ್ಲೂ ತಿರುಗಲ್ಲ."

ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ. ನನ್ನ ಮಾತು ಕೇಳಿಕೊಂಡು ಮನೆಯವರೆಲ್ಲ ಆರೇಳು ತಿಂಗಳು ಸುಮ್ಮನಿದ್ದರು. ಆರೇಳು ತಿಂಗಳು!

ಮಗುವಿಗೆ ವರ್ಷ ತುಂಬಿ ಒಂದೆರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಸೊಸೆ ವರಾಂಡದ ಜೋಲಿಯನ್ನು ಬಿಚ್ಚಿ ತಂದು ಹೊಂಗೆ ಮರದ ಕೊಂಬೆಗೆ ಕಟ್ಟಿದಳು. ಸರಿಯಾಗಿ ಚಪ್ಪಡಿಯ ಮೇಲಕ್ಕೆ, ಒಂದೂವರೆ ಮೊಳ ಎತ್ತರದಲ್ಲಿ. ಮಗುವನ್ನು ಅದರೊಳಗೆ ಕೂರಿಸಿ, ಟ್ರ್ಯಾಕ್ಟರಿಗೆ ಬೆನ್ನು ಮಾಡಿ ತಿರುಗಿಸಿದಳು.

"ಮಾವಾರ, ಒಮ್ಮೆ ಚಾಲೂ ಮಾಡ್ರಿ."

"ಕೊಂಬೆ ಇಲ್ವಲ್ಲವ್ವ, ಸುಮ್ನೆ ಯಾಕೆ?"

"ಕೊಂಬಿ ಬ್ಯಾಡ್ರಿ. ಬರೇ ಚಾಲೂ ಮಾಡ್ರಿ. ಕೂಸಿನ ಮಾರಿ ನೋಡಬೇಕಾಗೇದ."

ಹ್ಯಾಂಡಲ್ ತಿರುಗಿಸಿದೆ. ಗಾಡಿ ಎದ್ದಿತು. ಮರದ ಮೇಲಿದ್ದ ಕಾಗೆಗಳು ಹಾರಿದವು. ಜೋಲಿಯಲ್ಲಿದ್ದ ಮಗು ಸೀರೆಯ ಅಂಚಿನ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿತ್ತು. ಸೊಸೆ ಕೈ ಎತ್ತಿ ಇನ್ನೂ ಜೋರು ಅಂತ ಸನ್ನೆ ಮಾಡಿದಳು. ಜೋರು ಮಾಡಿದೆ. ಕಾಂಪೌಂಡಿನ ಆಚೆ ಹೋಗುತ್ತಿದ್ದವರು ಕಿವಿ ಮುಚ್ಚಿಕೊಂಡರು. ಮಗು ಎಳೆಯನ್ನೇ ನೋಡುತ್ತಿತ್ತು.

ಆಗ ಅವಳು ಮಗುವನ್ನು ಜೋಲಿಯಿಂದ ಎತ್ತಿ ಚಪ್ಪಡಿಯ ಮೇಲೆ ಬರಿಗಾಲಲ್ಲಿ ನಿಲ್ಲಿಸಿದಳು. ಕಾಲ್ಬೆರಳು ಮುದುಡಿದವು. ಮುಖ ಅರಳಿತು. ಮಗು ಮೊದಲು ತನ್ನ ಕಾಲನ್ನು ನೋಡಿಕೊಂಡಿತು, ಆಮೇಲೆ ಟ್ರ್ಯಾಕ್ಟರ್ ಕಡೆ ತಿರುಗಿ ಕೇಕೆ ಹಾಕಿತು.

ಮೊದಲು ಕಾಲನ್ನು! ಅಷ್ಟು ತಿಂಗಳು ಅದು ನನ್ನ ಕಣ್ಣೆದುರಿಗೇ ನಡೆದಿತ್ತು. ನಾನು ನಗುವನ್ನು ನೋಡಿದೆ, ನಗುವಿಗೆ ಮುಂಚೆ ಅದು ಎಲ್ಲಿ ನೋಡಿತು ಅಂತ ನೋಡಲಿಲ್ಲ. ಬರಿಗಾಲಲ್ಲಿ ನಿಂತು ಮಿಷನ್ ಕೇಳುವವನು ನಾನು. ನನ್ನ ಮೊಮ್ಮಗಳೂ ಹಾಗೆಯೇ ಕೇಳುತ್ತಿದ್ದಾಳೆ ಅಂತ ನನಗಲ್ಲದೆ ಇನ್ನು ಯಾರಿಗೆ ಗೊತ್ತಾಗಬೇಕಿತ್ತು?

ಗಾಡಿ ಆರಿಸಿದೆ. ಸೊಸೆ ಅಳಲಿಲ್ಲ. "ತಿಳೀತ್ರಿ, ಮಾವಾರ?" ಅಂದಳು, ಅಷ್ಟೇ. ನಾನು ತಲೆ ಆಡಿಸಿ ಬೆಲ್ಟ್ ಬಿಚ್ಚಿ ಸುತ್ತಿಟ್ಟೆ.

ಜಯನಗರದ ಕಡೆ ಒಂದು ಆಸ್ಪತ್ರೆಗೆ ಹೋದೆವು. ಮಗುವಿಗೆ ನಿದ್ದೆ ಬರಿಸಿ, ತಲೆಗೆ ತಂತಿ ಅಂಟಿಸಿ ನೋಡಿದರು. ಕಿವಿ ಪರೀಕ್ಷೆ ಮಾಡುವ ಮೇಡಂ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಎರಡು ಕಿವಿಯೂ ಕೇಳುವುದು ತುಂಬಾ ಕಡಿಮೆ, ಆದರೆ ಪೂರ್ತಿ ಇಲ್ಲ ಅಂತ ಇಲ್ಲ, ಕಿವಿಗೆ ಮಿಷನ್ ಹಾಕಿ ನೋಡೋಣ ಅಂದರು. ನಾನು ಟ್ರ್ಯಾಕ್ಟರ್ ವಿಷಯ ಎಲ್ಲ ಹೇಳಿದೆ.

"ಅದು ಕಿವಿ ಅಲ್ಲ ಅಂಕಲ್, ಮೈ. ಅದುರೋದು ಗೊತ್ತಾಗುತ್ತೆ ಅವಳಿಗೆ" ಅಂದರು.

ಎಲ್ಲರೂ ಹೊರಗೆ ಹೋದ ಮೇಲೆ ನಾನು ಹಿಂದೆ ಉಳಿದೆ. "ಮೇಡಂ, ನಮ್ಮ ಸೊಸೆ ಬಸುರಿ ಇದ್ದಾಗ ನಾನು ದಿನಾ ಗಾಡಿ ಓಡಿಸ್ತಿದ್ದೆ. ಅದರಿಂದ ಏನಾದ್ರೂ..."

ಅವರು ಪೆನ್ನು ಕೆಳಗಿಟ್ಟರು. "ಇಲ್ಲ ಅಂಕಲ್. ಇವಳದು ಹುಟ್ಟಿನಿಂದ ಬಂದಿದ್ದು, ನಿಮ್ಮ ಟ್ರ್ಯಾಕ್ಟರಿನಿಂದ ಅಲ್ಲ. ಹಾಗೆಲ್ಲ ಯೋಚ್ನೆ ಮಾಡ್ಬೇಡಿ. ಮೊದಲು ನಿಮ್ಮ ಕಿವಿಗೆ ಹತ್ತಿ ಇಟ್ಕೊಳ್ಳಿ."

ಅವರು ಹೇಳಿದರು, ನಾನು ಕೇಳಿದೆ. ಆದರೂ ಮನಸ್ಸು ಒಪ್ಪಲಿಲ್ಲ. ಮಗುವಿನ ಕಿವಿಗೆ ಮಿಷನ್ ಬಂತು, ನಾನು ಮಾತ್ರ ಎರಡು ತಿಂಗಳು ಟ್ರ್ಯಾಕ್ಟರ್ ಮುಟ್ಟಲಿಲ್ಲ. ಫೋನ್ ಮಾಡಿದವರಿಗೆಲ್ಲ ಗಾಡಿ ಕೆಟ್ಟಿದೆ ಅಂದೆ. ಸೈಟಿನಲ್ಲಿ ಕೊಂಬೆಯ ರಾಶಿ ಆಳೆತ್ತರ ಬೆಳೆಯಿತು. ಮಾರಿಬಿಡೋಣ ಅಂತ ಗುಜರಿಯವನೊಬ್ಬನನ್ನು ಕರೆಸಿಯೂ ನೋಡಿದೆ. ಅವನು ಗಾಡಿಯ ಸುತ್ತ ಸುತ್ತುತ್ತಿದ್ದಾಗ ಸೊಸೆ ಹೊರಗೆ ಬಂದಳು.

"ಮಾವಾರ, ಇವ್ರನ್ನ ಕಳಸ್ರಿ. ನೀವು ಚಾಲೂ ಮಾಡ್ರಿ."

"ಬೇಡವ್ವ. ಇದರಿಂದಲೇ ಮೋಸ ಹೋದೆ ನಾನು."

"ಗಾಡಿ ಏನ್ ಮಾಡೇತ್ರಿ? ಕೂಸು ದಿನಾ ಹೋಗಿ ಅದರ ಮ್ಯಾಲ ಕೈ ಇಟ್ಟು ನಿಂದರ್ತದ. ಯಾಕ ಸುಮ್ಮನಾತು ಅಂತ ನೋಡ್ತದ. ಮಷೀನು ಕಿವ್ಯಾಗಿನದು ತಗದು ಚಾಲೂ ಮಾಡೂಣ, ಆಮ್ಯಾಲ ಹಾಕೂಣ. ಅದರ ಸಂತೋಷ ಯಾಕ ಕಸಗೋತೀರಿ?"

ನಾನು ನೋಡಿರಲಿಲ್ಲ ಅದನ್ನು. ಮಾರನೆಯ ದಿನ ಮರೆಯಲ್ಲಿ ನಿಂತು ನೋಡಿದೆ. ಮಗು ತಪ್ಪು ಹೆಜ್ಜೆ ಹಾಕುತ್ತ ಹೋಗಿ, ದೊಡ್ಡ ಗಾಲಿಯ ಮೇಲಿನ ತಗಡಿಗೆ ಎರಡೂ ಅಂಗೈ ಒತ್ತಿ, ಕಾದು ನಿಂತಿತು. ಆವತ್ತೇ ಗುಜರಿಯವನಿಗೆ ಬರಬೇಡ ಅಂತ ಹೇಳಿ ಕಳಿಸಿದೆ.

ಅಲ್ಲಿಂದ ಒಂದು ಪದ್ಧತಿ ಆಯಿತು. ಆ ಗದ್ದಲ ಕಿವಿಗೆ ಹೊಡೆಯದಿರಲಿ ಅಂತ, ಹ್ಯಾಂಡಲ್ ಹಾಕುವ ಮುಂಚೆ ಸೊಸೆ ಮಗುವಿನ ಕಿವಿಯಿಂದ ಮಿಷನ್ ತೆಗೆದು ಕುಂಕುಮದ ಹಳೇ ಡಬ್ಬಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ಕೆಲಸ ಮುಗಿದು ಚಕ್ರ ಪೂರ್ತಿ ನಿಂತ ಮೇಲೆ ಮತ್ತೆ ಹಾಕುವುದು. ಗಾಡಿ ಆರಿಸಿದರೂ ಆ ಭಾರಿ ಚಕ್ರ ತನ್ನ ಪಾಡಿಗೆ ತಾನು ತುಂಬ ಹೊತ್ತು ಸುತ್ತುತ್ತಿರುತ್ತದೆ. ಅದು ನಿಲ್ಲುವವರೆಗೆ ಮೂವರೂ ಕಾಯುತ್ತಿದ್ದೆವು.

ಕಿವಿಯ ಮಿಷನ್ ಹಾಕಿದ ಕೂಡಲೇ ಮಗು ಕೇಳಿಬಿಡುತ್ತದೆ ಅಂದುಕೊಂಡಿದ್ದೆ ನಾನು. ಹಾಗೇನೂ ಆಗಲಿಲ್ಲ. ಹಾಕಿದರೆ ಕೀಳುತ್ತಿದ್ದಳು. ಒಂದು ದಿನ ಕಿತ್ತು ಚೂರಿನ ರಾಶಿಗೆ ಎಸೆದುಬಿಟ್ಟಳು. ನಾನು, ನನ್ನ ಹೆಂಡತಿ ಮೊರ, ಜರಡಿ ಹಿಡಿದು ಕೂತೆವು. ಸೊಸೆ ಮಾತ್ರ, "ಸುಮ್ಮನಿರ್ರಿ, ಕುಂಯ್ ಅನ್ನಾಕತ್ತೇದ" ಅಂತ ರಾಶಿಯೊಳಗೆ ಕೈ ಹಾಕಿ ಎತ್ತಿದಳು. ಆ ಮಿಷನ್ನು ಏನಾದರೂ ಮುಚ್ಚಿಕೊಂಡರೆ ತಾನೇ ಸಣ್ಣಗೆ ಕಿರುಗುಟ್ಟುತ್ತದೆ. ಅದು ನನಗೆ ಕೇಳಿಸಿರಲಿಲ್ಲ ನೋಡಿ. "ಅಜ್ಜಂಗೂ ಒಂದು ಜೊತೆ ತರಿಸ್ಬೇಕು" ಅಂದಳು ಹೆಂಡತಿ.

ವಾರಗಳು ಕಳೆದವು. ದಿನಾ ಹೆಸರು ಹಿಡಿದು ಕರೆಯುವುದು, ದಿನಾ ಅವಳು ತಿರುಗದಿರುವುದು. ಮೇಡಂ ಕಾಯಿರಿ ಅನ್ನುತ್ತಿದ್ದರು. ರಾತ್ರಿ ಊಟಕ್ಕೆ ಯಾರೂ ಒಟ್ಟಿಗೆ ಕೂರುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರೆ ಅದೇ ಪ್ರಶ್ನೆ.

ಆ ದಿನ ತ್ಯಾಗರಾಜನಗರದ ಒಂದು ಮನೆಯಿಂದ ಮುರಿದ ಗುಲ್‌ಮೊಹರ್ ಕೊಂಬೆ ತಂದಿದ್ದೆ. ಸವರಿ ನೋಡಿ ಮೂರು ಮೊಳೆ ಕಿತ್ತೆ. ಸಂಜೆ ನಾಲ್ಕರ ಹೊತ್ತಿಗೆ ಎಲ್ಲ ಚೂರಾಗಿ ಮುಗಿಯಿತು. ಚಕ್ರ ನಿಂತಿತು. ಸೊಸೆ ಡಬ್ಬಿ ತೆಗೆದು ಕಿವಿಗೆ ಹಾಕಿ, ಮಗುವನ್ನು ಹೊಂಗೆ ಮರದ ಜೋಲಿಯಲ್ಲಿ ಕೂರಿಸಿದಳು. ನಾನು ಚೀಲ ತುಂಬಿಸಲು ಶುರು ಮಾಡಿದೆ. ಮೊದಲನೆಯ ಮಂಕರಿ ಸುರಿದೆ.

ತಿರುಗಿದಳು.

ಒಂದು ಸಲ ಮೋಸ ಹೋದವನು ನಾನು. ಕೂಗಲಿಲ್ಲ, ನಗಲಿಲ್ಲ. ಮೊದಲು ಬಿಸಿಲು ಎಲ್ಲಿದೆ ನೋಡಿದೆ. ನನ್ನ ನೆರಳು ನನ್ನ ಹಿಂದೆ ಬಿದ್ದಿತ್ತು. ಗಾಳಿ ಇರಲಿಲ್ಲ, ಎಲೆ ಅಲ್ಲಾಡುತ್ತಿರಲಿಲ್ಲ. ಟ್ರ್ಯಾಕ್ಟರು ತಣ್ಣಗೆ ನಿಂತಿತ್ತು. ಅವಳ ಕಾಲು ಸೀರೆಯೊಳಗೆ ಮಡಿಸಿಕೊಂಡಿತ್ತು, ನೆಲದಿಂದ ಒಂದೂವರೆ ಮೊಳ ಮೇಲೆ. ಅವಳು ಮತ್ತೆ ಆ ಕಡೆ ತಿರುಗುವವರೆಗೂ ಮಂಕರಿ ಹಿಡಿದು ಕಲ್ಲಿನ ಹಾಗೆ ನಿಂತೆ. ಮೆಲ್ಲಗೆ ಇನ್ನೊಂದಿಷ್ಟು ಸುರಿದೆ.

ಮತ್ತೆ ತಿರುಗಿದಳು!

ಸೊಸೆಯೂ ಕಂಡಿದ್ದಳು. ಬಾಯಿಯ ಮೇಲೆ ಕೈ ಇತ್ತು. ಆ ಕೈಯ ಹಿಂದಿನಿಂದಲೇ, "ಮಾವಾರ, ಇನ್ನೊಮ್ಮೆ" ಅಂದಳು. ಇನ್ನೊಂದು ಸಲ ಸುರಿದೆ, ಇನ್ನೊಂದು ಸಲ ತಿರುಗಿದಳು. ನಾಲ್ಕನೆಯ ಸಲ ಚೂರು ಸುರಿಯಲಿಲ್ಲ. "ಪುಟ್ಟೀ" ಅಂತ ಕರೆದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. ಅವಳು ತಿರುಗಿ ನನ್ನ ಬಾಯಿಯನ್ನೇ ನೋಡಿದಳು, ಈ ಮುದುಕ ಇಷ್ಟು ದಿನ ಬಾಯಿ ಆಡಿಸುತ್ತಿದ್ದದ್ದು ಇದಕ್ಕೇನಾ ಅನ್ನುವ ಹಾಗೆ.

ಸೊಸೆ ಚೂರಿನ ರಾಶಿಯ ಮೇಲೆ ಕೂತುಬಿಟ್ಟಳು. ನಮ್ಮ ಮನೆಗೆ ಬಂದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸದ್ದು ಕೇಳಿ ನನ್ನ ಹೆಂಡತಿ ಒಳಗಿನಿಂದ ಓಡಿ ಬಂದಳು.

"ಏನಾಯ್ತ್ರೀ? ಯಾರ ಕೈ ಸಿಕ್ತು ಮಿಷನ್ನಿಗೆ?"

"ಯಾರ ಕೈಯೂ ಇಲ್ಲ ಕಣೇ! ಕೇಳಿಸ್ತು! ಇವಳಿಗೆ ಕೇಳಿಸ್ತು!"

ಅವಳು ನಂಬಲಿಲ್ಲ. ತಾನೇ ಒಂದು ಮಂಕರಿ ಸುರಿದು ನೋಡಿ, ಆಮೇಲೆ ನಂಬಿದಳು. ಅಲ್ಲಿಂದಲೇ ನಾನು ಬೀದಿಗೆ ಓಡಿದ್ದು.

ಮಗನಿಗೆ ಗ್ಯಾರೇಜಿಗೆ ಫೋನ್ ಮಾಡಿ, "ಈಗ್ಲೇ ಬಾ" ಅಂದೆ. ಅಷ್ಟಕ್ಕೇ ಫೋನ್ ಇಟ್ಟೆ. ಬೆಲ್ಟ್ ಹರಿದು ನನಗೇ ಏನೋ ಆಯಿತು ಅಂದುಕೊಂಡು, ಕೈಗೆ ಮೆತ್ತಿದ ಗ್ರೀಸನ್ನೂ ಒರೆಸದೆ ಬಂದಿದ್ದ. ಬಾಗಿಲಲ್ಲಿ ನಿಂತು ಮಗಳನ್ನು ಕರೆದ. ತಿರುಗಿದಳು. ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಎತ್ತಿಕೊಂಡ. ಅವಳ ಬಿಳಿ ಅಂಗಿಯ ಮೇಲೆ ಗ್ರೀಸಿನ ಐದು ಬೆರಳು ಮೂಡಿದವು. ಆ ಅಂಗಿಯನ್ನು ಸೊಸೆ ಒಗೆಯಲಿಲ್ಲ, ಹಾಗೆಯೇ ಎತ್ತಿಟ್ಟಿದ್ದಾಳೆ.

ಸಂಜೆ ಅಡುಗೆಮನೆಯಲ್ಲಿ ಎರಡು ಒಲೆಯೂ ಹತ್ತಿದ್ದವು. ಒಂದರಲ್ಲಿ ನನ್ನ ಹೆಂಡತಿಯ ಮುದ್ದೆ, ಅವರೆಕಾಳು ಸಾರು. ಇನ್ನೊಂದರ ಮೇಲೆ ಸೊಸೆಯ ಜೋಳದ ರೊಟ್ಟಿ. ಅವಳು ರೊಟ್ಟಿ ಬಡಿಯುವಾಗ ಪಟ ಪಟ ಅನ್ನುತ್ತಿತ್ತು. ನಡುಮನೆಯಲ್ಲಿ ನನ್ನ ತೊಡೆಯ ಮೇಲಿದ್ದ ಮಗು ಅಡುಗೆಮನೆಯ ಕಡೆ ಕತ್ತು ಹೊರಳಿಸಿತು. ಬಡಿಯುವುದು ನಿಂತರೆ ನನ್ನ ಮುಖ ನೋಡುತ್ತಿತ್ತು, ಶುರುವಾದರೆ ಆ ಕಡೆ. ಹುಟ್ಟಿದಾಗಿನಿಂದ ಅವಳ ಅಮ್ಮ ದಿನಾ ಮಾಡಿದ ಸದ್ದು ಅದು.

ಎಷ್ಟೋ ವಾರಗಳ ಮೇಲೆ ಐದು ಜನವೂ ಒಟ್ಟಿಗೆ ನೆಲದ ಮೇಲೆ ಕೂತೆವು. ಮುದ್ದೆಯ ಪಕ್ಕ ರೊಟ್ಟಿ, ರೊಟ್ಟಿಯ ಪಕ್ಕ ಎಣ್ಣೆಗಾಯಿ. ಮಗ ಎರಡನ್ನೂ ಸಾರಿನಲ್ಲಿ ಅದ್ದಿದ, ಅವನ ಹೆಂಡತಿ "ಅಯ್ಯ, ರೊಟ್ಟಿ ಯಾರರ ಹಂಗ ತಿಂತಾರ?" ಅಂದಳು. ಮಗುವಿಗೂ ಒಂದು ಪುಟ್ಟ ತಟ್ಟೆ ಇಟ್ಟಿದ್ದರು. ಅವಳ ಕೈಯಲ್ಲಿ ಸ್ಟೀಲ್ ಲೋಟ. ಅದನ್ನು ತಟ್ಟೆಯ ಮೇಲೆ ಇಟ್ಟಳು, ಟಣ್ ಅಂದಿತು. ತಡೆದು ಲೋಟ ನೋಡಿದಳು, ತಟ್ಟೆ ನೋಡಿದಳು. ಮತ್ತೆ ಬಡಿದಳು. ಆಮೇಲೆ ಬಿಡಲೇ ಇಲ್ಲ, ಟಣ್ ಟಣ್ ಟಣ್.

ನಾವೆಲ್ಲ ತುತ್ತು ಹಿಡಿದು ನನ್ನ ಹೆಂಡತಿಯ ಮುಖ ನೋಡಿದೆವು. ಅವಳು ಎದ್ದು ಅಡುಗೆಮನೆಗೆ ಹೋಗಿ, ಮನೆಯಲ್ಲಿದ್ದ ದೊಡ್ಡ ಹರಿವಾಣವನ್ನು ತಂದು ಮಗುವಿನ ಮುಂದಿಟ್ಟು, "ಇದನ್ನ ಬಡಿಯವ್ವ, ಇದು ಚೆನ್ನಾಗಿ ಕೇಳುತ್ತೆ" ಅಂದು, ತನ್ನ ಜಾಗದಲ್ಲಿ ಕೂತು ಮುದ್ದೆ ಮುರಿದಳು.